ಚೌಡವ್ವ ಡಾಟ್ ಭಾರತ

ಬ್ಯಾಡಗಿಯ ವಿಜಯಮಹಾಂತೇಶನ ಕನ್ನಡಾಭಿಮಾನ ನವೆಂಬರ್ ಬಂತೆಂದರೆ ಊರಿಗೆಲ್ಲ ಕೇಳಿಸುತ್ತಿತ್ತು. ಕೇಳಿಸದೇ ಏನು, ಅದಕ್ಕೆ ಮೈಕು ಇರುತ್ತಿತ್ತಲ್ಲ. ಉಳಿದ ತಿಂಗಳುಗಳಲ್ಲಿ ಅದನ್ನು ಹಳದಿ-ಕೆಂಪು ಶಾಲಿನೊಳಗೆ ಮಡಿಸಿ, ನುಸಿಗುಳಿಗೆ ಹಾಕಿ, ಬೀರುವಿನಲ್ಲಿ ಇಟ್ಟಿರುತ್ತಿದ್ದ. ಅವನ ಮೊಬೈಲು ಇಂಗ್ಲಿಷಿನಲ್ಲಿತ್ತು, ಗಿರಣಿಯ ಬಿಲ್ಲು ಇಂಗ್ಲಿಷಿನಲ್ಲಿತ್ತು, ಮಗಳನ್ನು ಹಾಕಿದ ಶಾಲೆಯಂತೂ ಕನ್ನಡ ಮಾತಾಡಿದರೆ ದಂಡ ಹಾಕುವಂಥದ್ದು. ‘ಹೇಳೂದು ಆಚಾರ, ತಿನ್ನೂದು ಬದನಿಕಾಯಿ’ ಎಂದು ಅವನ ಅವ್ವ ಚೌಡವ್ವ ಮುಖಕ್ಕೇ ಅನ್ನುತ್ತಿದ್ದಳು. ಅವನು ಸಿಟ್ಟಾಗುತ್ತಿರಲಿಲ್ಲ. ಅಮಾವಾಸ್ಯೆ ಬಂದರೆ ಅವ್ವ ಅಣ್ಣನ ಮನೆಗೆ ಹೋಗುತ್ತಾಳೆ ಎಂಬುದೊಂದು ಸಮಾಧಾನ ಅವನಿಗೆ ಯಾವಾಗಲೂ ಇತ್ತು.

ಅದು ಅವ್ವನ ಪಾಳಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ನಾಗಪ್ಪ ಹಾವೇರಿಯ ಅಂಗಡಿ ನೋಡಿಕೊಂಡ, ವಿಜಯಮಹಾಂತೇಶ ಬ್ಯಾಡಗಿಯ ಖಾರದ ಪುಡಿ ಕುಟ್ಟುವ ಗಿರಣಿಯಲ್ಲಿ ಉಳಿದ. ಹೊಲ, ಮನೆ, ಹಿತ್ತಾಳೆ ಹಂಡೆ ಎಲ್ಲ ಜಗಳವಿಲ್ಲದೆ ಪಾಲಾದವು. ಅವ್ವನನ್ನು ಪಾಲು ಮಾಡಲು ಬರದಿದ್ದಕ್ಕೆ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬೊಬ್ಬರ ಮನೆ ಎಂದು ಗೊತ್ತುಮಾಡಿದರು. ಚೌಡವ್ವ ತನ್ನ ತಗಡಿನ ಟ್ರಂಕು ಹಿಡಿದು ತಿಂಗಳಿಗೊಮ್ಮೆ ಬಸ್ಸು ಹತ್ತುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಟಿಕೇಟಿನ ಖರ್ಚೂ ಗಂಡುಮಕ್ಕಳಿಗೆ ಉಳಿಯಿತು. ಸರ್ಕಾರ ಬಡವರ ಕಷ್ಟ ನೋಡುವುದಿಲ್ಲ ಎಂದು ಯಾರು ಅಂದವರು?

ಪಾಲಾಗದೆ ಉಳಿದದ್ದು ಇನ್ನೊಂದಿತ್ತು, ಅದು ಹೆಸರು. ಅವರಪ್ಪ ಗಿರಣಿಗೆ ಎಂದೂ ಬೋರ್ಡು ಹಾಕಿದವನಲ್ಲ. ಸುತ್ತಲಿನ ಹಳ್ಳಿಯವರೆಲ್ಲ ಅದನ್ನು ‘ಚೌಡವ್ವನ ಖಾರ’ ಎಂದೇ ಕರೆಯುತ್ತಿದ್ದರು. ಮದುವೆಯಿರಲಿ, ಸೀಮಂತವಿರಲಿ, ಖಾರ ಬೇಕಾದವರು ಮೊದಲು ಚೌಡವ್ವನ ಮುಂದೆ ಕುಳಿತು, ಮನೆಯ ಸುದ್ದಿಯೆಲ್ಲ ಹೇಳಿ, ಅವಳಿಂದ ನಾಲ್ಕು ಬೈಸಿಕೊಂಡು, ಆಮೇಲೆ ಖಾರ ಒಯ್ಯುತ್ತಿದ್ದರು. ಈಗ ಎರಡೂ ಅಂಗಡಿಗಳು ‘ಚೌಡವ್ವನ ಖಾರ’ ಎಂದೇ ಪೊಟ್ಟಣ ಮಾಡಿ ಮಾರುತ್ತಿದ್ದವು, ಎರಡೂ ಕಡೆ ‘ಇದೇ ಅಸಲಿ’ ಎಂದು ಬರೆದಿರುತ್ತಿತ್ತು. ಅಂತರ್ಜಾಲದಲ್ಲಿ ಸಹ ಇಬ್ಬರೂ ಅವ್ವನ ಹೆಸರಿನ ತಾಣ ಮಾಡಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಚೌಡವ್ವನನ್ನು ಹೇಗೆ ಬೇಕಾದರೂ ಬರೆಯಬಹುದಾದ್ದರಿಂದ ಅಣ್ಣ ಒಂದು ನಮೂನೆ, ತಮ್ಮ ಒಂದು ನಮೂನೆ ಹಿಡಿದು ಹೇಗೋ ಬಾಳುವೆ ನಡೆಸಿದ್ದರು.

ಹಾಗಿರುವಾಗ ಹಾವೇರಿಯಲ್ಲಿ ವ್ಯಾಪಾರಸ್ಥರಿಗೆಂದು ಒಂದು ಕಾರ್ಯಾಗಾರ ನಡೆಯಿತು. ‘ಅಂತರ್ಜಾಲದಲ್ಲಿ ಕನ್ನಡ’ ಎಂದು ಬ್ಯಾನರು. ಬೆಂಗಳೂರಿನಿಂದ ಬಂದ ಪರಿಣತರು ಕೊರಳಿಗೆ ಏಲಕ್ಕಿ ಮಾಲೆ ಹಾಕಿಸಿಕೊಂಡು, ಕನ್ನಡದ ಭವಿಷ್ಯವನ್ನು ಊಟದ ಹೊತ್ತಿನ ತನಕ ಇಂಗ್ಲಿಷಿನಲ್ಲಿ ವಿವರಿಸಿದರು. ವಿಜಯಮಹಾಂತೇಶ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತು, ಎಲ್ಲರೂ ಚಪ್ಪಾಳೆ ಹೊಡೆದಾಗ ಹೊಡೆದ. ಆದರೂ ಅವನಿಗೆ ಬೇಕಾದಷ್ಟು ತಿಳಿಯಿತು. ಇನ್ನು ಮುಂದೆ ತಾಣದ ವಿಳಾಸವನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಕೊನೆಗೆ ಡಾಟ್ ಕಾಮ್ ಬದಲು ಡಾಟ್ ಭಾರತ ಎಂದು ಬರುತ್ತದೆ. ಒಂದು ಹೆಸರು ಒಬ್ಬರಿಗೇ, ಅದೂ ಮೊದಲು ಕೇಳಿದವರಿಗೆ. ಕನ್ನಡದಲ್ಲಿ ಚೌಡವ್ವ ಒಬ್ಬಳೇ ಎಂಬುದು ಹೊಳೆದು ಅವನಿಗೆ ಊಟ ರುಚಿಸಲಿಲ್ಲ. ಹಿಂದಿನ ಸಾಲಿನಲ್ಲಿ ನಾಗಪ್ಪನೂ ಕುಳಿತಿದ್ದ. ಮಾತಿಲ್ಲದ ಮನುಷ್ಯ. ಹೋಳಿಗೆ ತಿನ್ನುತ್ತಿದ್ದ.

ಮರುದಿನ ವಿಜಯಮಹಾಂತೇಶ ರಾಣೆಬೆನ್ನೂರಿಗೆ ಹೋದ. ಬ್ಯಾಡಗಿಯಲ್ಲಿ ಕಂಪ್ಯೂಟರಿನವರು ಇಲ್ಲವೆಂದಲ್ಲ, ಆದರೆ ಅಲ್ಲಿ ಒಂದು ಗುಟ್ಟು ಹೇಳಿದರೆ ಮೆಣಸಿನಕಾಯಿ ಘಾಟಿಗಿಂತ ಬೇಗ ಪೇಟೆಗೆಲ್ಲ ಹರಡುತ್ತದೆ. ರಾಣೆಬೆನ್ನೂರಿನಲ್ಲಿ ಮುಜಾಫರ ಎಂಬವನು ಬೀಜದ ಅಂಗಡಿಗಳಿಗೆಲ್ಲ ತಾಣ ಮಾಡಿಕೊಡುತ್ತಿದ್ದ, ಮನೆಯ ಹುಡುಗನಿದ್ದಂತೆ ಇದ್ದ.

“ಮುಜಾಫರ, ಒಂದು ಹೆಸರು ಬುಕ್ ಮಾಡಬೇಕಾಗೇತಿ. ಭಾಳ ಗುಟ್ಟಿನ ಕೆಲಸ ನೋಡಪಾ,” ಎಂದು ವಿಜಯಮಹಾಂತೇಶ ಕುರ್ಚಿ ಎಳೆದುಕೊಂಡ.

“ಚೌಡವ್ವ ಡಾಟ್ ಭಾರತ ಹೌದಲ್ರಿ ಅಣ್ಣಾರ?” ಎಂದ ಮುಜಾಫರ. “ನಾಗಪ್ಪಣ್ಣಾರು ಮುಂಜಾನೆ ನಾ ಬಾಗಿಲಾ ತೆಗಿಯೂದ್ರಾಗ ಇಲ್ಲೇ ನಿಂತಿದ್ರು.”

ವಿಜಯಮಹಾಂತೇಶ ಕುರ್ಚಿಯಿಂದ ಅರ್ಧ ಎದ್ದ. “ಕೊಟ್ಟುಬಿಟ್ಟೀಯೇನು?”

“ಯಾರಿಗೂ ಕೊಟ್ಟಿಲ್ರಿ. ಮೂರನೇದಾವ ಹೊಡಕೊಂಡು ಹೋಗಬಾರದಂತ ನನ್ನ ಖಾತೆದಾಗ ಹಿಡಿದು ಇಟ್ಟೇನಿ. ನೀವು ಅಣ್ಣತಮ್ಮ ಕುಂತು ಬಗಿಹರಿಸಿಕೊಂಡು ಬರ್ರಿ. ಯಾರ ಪಾಲಿಗೆ ಬರತೈತಿ, ಅವರ ಹೆಸರಿಗೆ ಮಾಡಿ ಕೊಡತೇನಿ. ನನ್ನ ಲಗ್ನದ ಬಿರಿಯಾನಿಗೆ ಖಾರ ಕೊಟ್ಟಾಕಿ ನಿಮ್ಮವ್ವ. ಆಕಿ ಹೆಸರಿನ ಮ್ಯಾಲ ನಾ ಬಡಿದಾಟ ಹಚ್ಚಂಗಿಲ್ಲ.”

ವಿಜಯಮಹಾಂತೇಶನಿಗೆ ಹೊಲದ ಬಾವಿ ನೆನಪಾಯಿತು. ಅದರ ನೀರನ್ನು ಅಣ್ಣತಮ್ಮ ಪಾಳಿಯ ಮೇಲೆ ಹಾಯಿಸಿಕೊಳ್ಳುತ್ತಿದ್ದರು. “ಹಗಲು ನಂದು, ರಾತ್ರಿ ಅಣ್ಣಂದು, ಹಿಂಗ ಮಾಡಾಕ ಬರತೈತೇನು?”

“ಇದು ಬಾವಿ ಅಲ್ರಿ ಅಣ್ಣಾರ. ಒಂದು ಹೆಸರಿಗೆ ಒಬ್ಬಾವನ ಮಾಲಕ. ನಡುವ ಗ್ವಾಡಿ ಕಟ್ಟಾಕ ಬರಂಗಿಲ್ಲ,” ಎಂದು ಮುಜಾಫರ ಚಹಾ ತರಿಸಿದ.

ಹೀಗಾಗಿ ಮಾತು ಶಮಶೇರಸಾಬರ ತನಕ ಹೋಯಿತು. ಶಮಶೇರಸಾಬ ಅವರಪ್ಪನ ಗೆಳೆಯ, ಮೆಣಸಿನಕಾಯಿ ದಲಾಲಿ ಮಾಡಿ ಮುದುಕನಾದವನು. ಅಣ್ಣತಮ್ಮಂದಿರ ಲಗ್ನ ಕೂಡಿಸಿದವನೂ ಅವನೇ, ಪಾಲು ಮಾಡಿಸಿದವನೂ ಅವನೇ. ಬ್ಯಾಡಗಿಯ ಗಿರಣಿಯ ಅಂಗಳದಲ್ಲಿ ಎಲ್ಲರೂ ಕೂತರು. ಆ ತಿಂಗಳು ಅವ್ವನ ಪಾಳಿ ಬ್ಯಾಡಗಿಯದು. ಚೌಡವ್ವ ಒಂದು ಬದಿಗೆ ಗೋಣಿತಟ್ಟಿನ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವಳದೇ ಹೆಸರಿನ ಪಂಚಾಯ್ತಿಗೆ ಅವಳನ್ನು ಯಾರೂ ಕರೆದಿರಲಿಲ್ಲ, ಅವಳು ಅಲ್ಲೇ ಇದ್ದಳು ಅಷ್ಟೇ.

“ನಮ್ಮ ಹಿರೇರು ಹಾಕಿಕೊಟ್ಟ ಪದ್ಧತಿ ಐತಿ,” ಎಂದ ಶಮಶೇರಸಾಬ. “ದೊಡ್ಡಾವ ಪಾಲು ಮಾಡಬೇಕು, ಸಣ್ಣಾವ ಮೊದಲ ಆರಿಸಬೇಕು. ಹೊಲ, ಮನಿ ಎಲ್ಲಾ ಹಿಂಗ ಆಗ್ಯಾವು. ಇದೂ ಹಂಗ ಆಗಲಿ.”

ಪದ್ಧತಿಯೇನೋ ಚೊಕ್ಕದ್ದೇ. ಆರಿಸಿ ಉಳಿದದ್ದು ತನಗೇ ಬರುವುದರಿಂದ ಹಿರಿಯನಾದವನು ಪಾಲನ್ನು ಸಮ ಮಾಡಲೇಬೇಕು. ಆದರೆ ಒಂದು ಹೆಸರನ್ನು ಎರಡು ಪಾಲು ಮಾಡುವುದು ಹೇಗೆ? ಅದರ ಎದುರಿಗೆ ತೂಗುವಂಥದ್ದು ಇನ್ನೊಂದು ಬೇಕು. ನಾಗಪ್ಪ ಅಂಗಳದ ತುಂಬ ಕಣ್ಣಾಡಿಸಿದ. ಗಿರಣಿ ಮೊದಲೇ ತಮ್ಮನ ಪಾಲಿಗೆ ಹೋಗಿತ್ತು, ಚೀಲಗಳೂ ತಮ್ಮನವೇ. ಕಡೆಗೆ ಅವನ ಕಣ್ಣು ಅವ್ವನ ಮೇಲೆ ನಿಂತಿತು.

“ಹೆಸರು ಒಂದು ಪಾಲು. ಅವ್ವ ಒಂದು ಪಾಲು. ಹೆಸರು ತಗೊಂಡಾವ ಅವ್ವನ್ನ ಕೇಳಬಾರದು. ಅವ್ವನ್ನ ತಗೊಂಡಾವ ಆ ಹೆಸರು ಎಲ್ಲೂ ಹಚ್ಚಬಾರದು. ಪಾಳಿ ಇವತ್ತಿಗೆ ಮುಗೀತು.”

ಶಮಶೇರಸಾಬ ‘ತೋಬಾ’ ಎಂದು ಕಿವಿ ಹಿಡಿದುಕೊಂಡ. ಚೌಡವ್ವ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಬರೋಬರಿ ತೂಗತೈತಿ, ಸಾಬರ. ನನ್ನ ಲಗ್ನದಾಗೂ ನನಗ ಇಷ್ಟು ಬೆಲಿ ಕಟ್ಟಿದ್ದಿಲ್ಲ,” ಎಂದಳು.

ವಿಜಯಮಹಾಂತೇಶನಿಗೆ ಒಳಗೊಳಗೇ ನಗು ಬಂತು. ಅಣ್ಣ ಇಷ್ಟು ದಡ್ಡನೆಂದು ಅವನಿಗೆ ಗೊತ್ತಿರಲಿಲ್ಲ. ಅವ್ವ ಎಲ್ಲಿ ಹೋಗುತ್ತಾಳೆ, ಹಾವೇರಿಯಲ್ಲೇ ಇರುತ್ತಾಳೆ, ಬೇಕೆಂದಾಗ ಹೋಗಿ ನೋಡಿ ಬಂದರಾಯಿತು. ಹೆಸರು ಕೈಬಿಟ್ಟರೆ ಹೋಯಿತೇ ಹೋಯಿತು. ಮೇಲಾಗಿ ಅವ್ವ ಬಂದ ತಿಂಗಳು ಅವನ ಹೆಂಡತಿ ಶೈಲಾಗೂ ಅವ್ವನಿಗೂ ಒಲೆ ಮುಂದೆ ಜಟಾಪಟಿ ತಪ್ಪಿದ್ದಲ್ಲ. ಅವ್ವನಿಗೆ ಮಂಡಿನೋವು ಶುರುವಾಗಿತ್ತು, ನಾಳೆ ದವಾಖಾನೆ ಅಂತ ಓಡಾಡುವವರು ಯಾರು? ಹೀಗೆಲ್ಲ ಲೆಕ್ಕ ಹಾಕಿ ಅವನು ಎದ್ದು ನಿಂತು, ಇಲ್ಲದ ಶಾಲನ್ನು ಸರಿಪಡಿಸಿಕೊಂಡ. “ಕನ್ನಡದ ಸೇವಾ ಮಾಡೂ ಸಲುವಾಗಿ ನಾ ಹೆಸರು ತಗೋತೇನಿ,” ಎಂದ. ಅಣ್ಣನ ಮೇಲೆ ಅವನಿಗೆ ಸ್ವಲ್ಪ ಕರುಣೆಯೂ ಉಂಟಾಯಿತು.

ಚೌಡವ್ವ ಉಡಿಯಲ್ಲಿದ್ದ ತೊಟ್ಟುಗಳನ್ನು ಝಾಡಿಸಿ ಎದ್ದಳು. “ಶೈಲಾ, ನನ್ನ ಟ್ರಂಕು ಹೊರಗ ತಾರವಾ. ಆರಿಸಿ ಮುಗೀತಲ್ಲ, ಅಮಾಸಿ ತನಕ ಯಾಕ ಕಾಯೂದು,” ಎಂದಳು. ಇಷ್ಟು ವರ್ಷ ಬಸ್ಸಿನ ಕಂಡಕ್ಟರುಗಳು ಎತ್ತಿ ಇಳಿಸಿದ್ದ ಆ ಟ್ರಂಕನ್ನು ಅಂದು ನಾಗಪ್ಪ ಹೆಗಲ ಮೇಲೆ ಇಟ್ಟುಕೊಂಡು ಹೋದ.

ತಾಣದ ಉದ್ಘಾಟನೆ ಬ್ಯಾಡಗಿಯಲ್ಲಿ ಭರ್ಜರಿಯಾಗಿ ನಡೆಯಿತು. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಾಡಗೀತೆ ಹಾಡಿಸಿದರು. ಚೌಡವ್ವನ ಹಳೆಯ ಫೋಟೊ ಒಂದನ್ನು ಹುಡುಕಿ ತೆಗೆದು, ತಾಣದ ತಲೆಯ ಮೇಲೆ ಹಾಕಿದ್ದರು. ಮುಖ್ಯ ಅತಿಥಿಗಳು ‘ಚೌಡವ್ವ ಡಾಟ್ ಭಾರತ’ ಎಂದು ಕನ್ನಡದಲ್ಲಿ ಒತ್ತಿ ತಾಣ ತೆರೆಯಬೇಕಿತ್ತು. ಅತಿಥಿಗಳಿಗೆ ಕನ್ನಡದ ಕೀಲಿಗಳು ಎಲ್ಲಿವೆ ಎಂದು ಗೊತ್ತಿರಲಿಲ್ಲ. ಅಧ್ಯಕ್ಷರಾಗಿದ್ದ ವಿಜಯಮಹಾಂತೇಶನಿಗೂ ಗೊತ್ತಿರಲಿಲ್ಲ. ಕನ್ನಡಕ್ಕೆ ಪ್ರಾಣ ಕೊಡಲು ತಯಾರಿದ್ದ ಹತ್ತಿಪ್ಪತ್ತು ಜನ ವೇದಿಕೆಯ ಮೇಲೆ ಇದ್ದರು, ‘ಚೌ’ ಒತ್ತುವವರು ಒಬ್ಬರೂ ಇರಲಿಲ್ಲ. ಕೊನೆಗೆ ಮುಜಾಫರನೇ ರಾಣೆಬೆನ್ನೂರಿನಿಂದ ಬಂದವನು ಒತ್ತಿ ಕೊಟ್ಟ, ಅತಿಥಿಗಳು ಕೈ ಮುಗಿದರು.

ಆಮೇಲಿನ ದಿನಗಳೂ ಅಷ್ಟೇ. ತಾಣದ ವಿಳಾಸವನ್ನು ವಾಟ್ಸಾಪಿನಲ್ಲಿ ಕಳಿಸಿದರೆ, ಕೆಲವರ ಮೊಬೈಲಿನಲ್ಲಿ ಅದು ಎಕ್ಸ್, ಎನ್, ಎರಡು ಅಡ್ಡಗೆರೆ, ಮುಂದೆ ಓದಲಾಗದ ಇಂಗ್ಲಿಷ್ ಅಕ್ಷರಗಳ ಉಂಡೆಯಾಗಿ ಕಾಣಿಸುತ್ತಿತ್ತು. ಮೋಸದ ಕೊಂಡಿ ಇರಬೇಕೆಂದು ಹೆದರಿ ನೆಂಟರೇ ಅವನ ನಂಬರನ್ನು ಬಂದ್ ಮಾಡಿದರು. ತಾಣದ ಜೊತೆಗೆ ಬಂದ ಕನ್ನಡದ ಮಿಂಚಂಚೆ ವಿಳಾಸವನ್ನು ಒಂದು ಕಚೇರಿಯ ಅರ್ಜಿಯಲ್ಲಿ ತುಂಬಿದರೆ, ‘ದಯವಿಟ್ಟು ಸರಿಯಾದ ವಿಳಾಸ ಬರೆಯಿರಿ’ ಎಂದು ಕೆಂಪು ಅಕ್ಷರದಲ್ಲಿ ಉತ್ತರ ಬಂತು, ಅದೂ ಇಂಗ್ಲಿಷಿನಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ವಿಜಯಮಹಾಂತೇಶ ಸಿಕ್ಕಸಿಕ್ಕವರ ಮುಂದೆ ಗೊಣಗಿದ.

ಆದರೂ ತಾಣ ಬದುಕಿತು. ಬದುಕಿಸಿದವರು ಹೆಂಗಸರು. ಬರೆಯಲು ಬರದಿದ್ದರೇನು, ಮೊಬೈಲಿನ ಮುಂದೆ ‘ಚೌಡವ್ವನ ಖಾರ’ ಎಂದು ಬಾಯಿಯಿಂದ ಹೇಳಿದರೆ ಸಾಕು, ಕನ್ನಡದ ಹೆಸರಿನ ಈ ತಾಣವೇ ಮೇಲೆ ಬಂದು ನಿಲ್ಲುತ್ತಿತ್ತು. ಕುಪ್ಪೇಲೂರು, ಹಲಗೇರಿ, ಕರ್ಜಗಿಗಳಿಂದ ಹಿಡಿದು, ಮದುವೆಯಾಗಿ ಪುಣೆ-ಸೊಲ್ಲಾಪುರ ಸೇರಿದ ಹೆಣ್ಣುಮಕ್ಕಳ ತನಕ ಎಲ್ಲರೂ ಅದನ್ನು ಕಂಡುಕೊಂಡರು. ವಿಜಯಮಹಾಂತೇಶನ ಮೊಬೈಲು ಮುಂಜಾನೆಯಿಂದ ಬಡಿದುಕೊಳ್ಳತೊಡಗಿತು. ಅವನು ಆರಿಸಿದ ಪಾಲು ಫಲ ಕೊಡುತ್ತಿತ್ತು. ಹೆಂಡತಿಯ ಮುಂದೆ ಮೀಸೆ ತಿರುವಿ ಮೊದಲ ಫೋನು ಎತ್ತಿದ.

“ಚೌಡವ್ವಗ ಕೊಡ್ರಿ,” ಎಂದಿತು ಆ ಕಡೆಯ ದನಿ.

“ನಾ ಮಾಲಕ ಮಾತಾಡಾಕತ್ತೇನ್ರಿ. ಆರ್ಡರ್ ಹೇಳ್ರಿ.”

“ಮಾಲಕರು ಇರ್ರಿ ಪಾಪ, ಬ್ಯಾಡ ಅನ್ನಂಗಿಲ್ಲ. ಚೌಡವ್ವಗ ಕೊಡ್ರಿ.”

ಎಲ್ಲರದೂ ಇದೇ ಮಾತು. ಕುಪ್ಪೇಲೂರಿನವಳ ಮಗಳ ಲಗ್ನಕ್ಕೆ ಬೀಗರು ಕಡಿಮೆ ಖಾರ ತಿನ್ನುವವರು, ಬ್ಯಾಡಗಿ ಮೆಣಸಿನಕಾಯಿ ಎಷ್ಟು, ಗುಂಟೂರಿನದು ಎಷ್ಟು ಎಂದು ಚೌಡವ್ವನನ್ನೇ ಕೇಳಬೇಕು. ಸೊಲ್ಲಾಪುರದವಳಿಗೆ ಅತ್ತೆ ಅಡಿಗೆಗೆ ಹೆಸರಿಡುತ್ತಾಳೆ, ಅದನ್ನು ಚೌಡವ್ವನಿಗೇ ಹೇಳಬೇಕು. ಕರ್ಜಗಿಯವಳೊಬ್ಬಳ ಮಗಳು ಬಾಣಂತನಕ್ಕೆ ಬಂದಿದ್ದಳು. ಬಾಣಂತಿ ಖಾರ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ, ಕೂಸು ಹೆಣ್ಣಾಯಿತೆಂದು ಗಂಡನ ಮನೆಯವರು ನೋಡಲು ಬಂದಿಲ್ಲ, ಹುಡುಗಿ ಊಟ ಬಿಟ್ಟು ಅಳುತ್ತಾಳೆ, ಚೌಡವ್ವ ಒಂದು ಮಾತು ಬೈದು ಹೇಳಿದರೆ ಉಂಡಾಳು ಎಂದು ಆ ತಾಯಿ ಫೋನು ಮಾಡಿದ್ದಳು. ಇಂಥದ್ದಕ್ಕೆ ವಿಜಯಮಹಾಂತೇಶನ ಹತ್ತಿರ ದರಪಟ್ಟಿ ಇತ್ತು, ಉತ್ತರ ಇರಲಿಲ್ಲ. ‘ಅವರು ಹೊರಗ ಹೋಗ್ಯಾರ್ರಿ’ ಎಂದು ಇಟ್ಟುಬಿಟ್ಟ. ಮಾತಾಡದೆ ಖಾರ ಕೊಳ್ಳುವ ಅಭ್ಯಾಸ ಆ ಜನಕ್ಕೆ ಇರಲಿಲ್ಲ.

ಕೊನೆಗೆ ಶೈಲಾ ಗಂಟಲು ದಪ್ಪ ಮಾಡಿಕೊಂಡು ಚೌಡವ್ವನಾಗಲು ಒಪ್ಪಿದಳು. ಮೊದಲ ಫೋನು ಹಲಗೇರಿಯದು. ಖಾರಕ್ಕೆ ಹುಳ ಬೀಳಬಾರದೆಂದರೆ ಏನು ಮಾಡಬೇಕೆಂದು ಕೇಳಿದರು. “ಫ್ರಿಜ್ಜಿನ್ಯಾಗ ಇಡ್ರಿ,” ಎಂದಳು ಶೈಲಾ, ಬಹಳ ಮರ್ಯಾದೆಯಿಂದ.

ಆ ಕಡೆಯವರಿಗೆ ಅನುಮಾನ ಬಂತು. “ನಮ್ಮ ಚೌಡವ್ವ ಆಗಿದ್ರ, ಹುಳ ಬೀಳೂ ತನಕ ನಿದ್ದಿ ಮಾಡತಿದ್ದೇನು ಅಂತ ಮೊದಲ ನಾಕು ಬೈತಿದ್ಲು. ನೀ ಯಾರವಾ?”

ಶೈಲಾ ಫೋನನ್ನು ಗಂಡನ ಕೈಗೆ ತುರುಕಿದಳು. “ಅತ್ತೀನ್ನ ಕರ್ಕೊಂಡು ಬರ್ರಿ. ಒಲಿ ಬೇಕಾದ್ರ ಆಕೀಗೆ ಬಿಟ್ಟು ಕೊಡತೇನಿ,” ಎಂದಳು. ಮನೆಯಲ್ಲಿ ಅಂಥ ತ್ಯಾಗದ ಮಾತು ಹುಟ್ಟಿದ್ದು ಅದೇ ಮೊದಲು.

ವಿಜಯಮಹಾಂತೇಶ ಹಾವೇರಿಗೆ ಹೋದಾಗ ನಡುಮಧ್ಯಾಹ್ನ. ನಾಗಪ್ಪನ ಅಂಗಡಿಯ ಮೇಲೆ ‘ನಾಗಪ್ಪನ ಖಾರ’ ಎಂದು ಸಣ್ಣ ಬೋರ್ಡಿತ್ತು. ಅವ್ವನ ಹೆಸರು ಎಲ್ಲೂ ಇರಲಿಲ್ಲ, ಕೊಟ್ಟ ಮಾತು ನಾಗಪ್ಪ ಮುರಿದಿರಲಿಲ್ಲ. ಆದರೆ ಬಾಗಿಲ ಪಕ್ಕದಲ್ಲಿ ಮಣೆಯ ಮೇಲೆ ಚೌಡವ್ವ ಕಾಲು ಚಾಚಿ ಕುಳಿತಿದ್ದಳು, ಅವಳ ಸುತ್ತ ಹೆಂಗಸರು ಕುಳಿತಿದ್ದರು. ಅವರಲ್ಲಿ ಒಬ್ಬಳು ಕರ್ಜಗಿಯವಳು. ಫೋನಿನಲ್ಲಿ ಸಿಗದ ಚೌಡವ್ವನನ್ನು ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಂಡು ಬಂದಿದ್ದಳು, ಜೊತೆಗೆ ಹಸಿಬಾಣಂತಿ ಮಗಳನ್ನೂ ಕರೆತಂದಿದ್ದಳು. ಚೌಡವ್ವ ಆ ಹುಡುಗಿಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ತಾಯಿ-ಮಗಳು ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದಳು. ಹುಡುಗಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಮುರಿಯುತ್ತಿದ್ದಳು.

“ಬಂದೇನಪಾ, ಕುಂದ್ರು. ಉಂಡೀಯೇನು?” ಎಂದಳು ಅವ್ವ ಮಗನನ್ನು ಕಂಡು.

ಅವನು ಮೊಬೈಲು ತೆಗೆದು ತೋರಿಸಿದ. ತನ್ನ ಫೋಟೊದ ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿದ್ದ ಹೆಸರನ್ನು ಚೌಡವ್ವ ಕೂಡಿಸಿಕೊಂಡು ಓದಿದಳು. “ಚಂದ ಐತಿ. ಈ ಸೀರಿ ಹರದು ಭಾಳ ವರ್ಷ ಆತು,” ಎಂದು ಮೊಬೈಲು ವಾಪಸು ಕೊಟ್ಟಳು.

“ಅವ್ವಾ, ದಿನಾ ಒಂದೆರಡು ತಾಸು ಬಂದು ಫೋನಿನ್ಯಾಗ ಮಾತಾಡಿದ್ರ ಸಾಕು. ಕಾರು ಕಳಿಸತೇನಿ.”

“ಬಸ್ಸು ಪುಕ್ಕಟ ಐತಲ್ಲೋ,” ಎಂದಳು ಅವ್ವ.

ಹೆಂಗಸರು ಸೆರಗಿನಲ್ಲಿ ನಕ್ಕರು. ಅವನು ಅಣ್ಣನ ಕಡೆ ತಿರುಗಿದ. “ಅಣ್ಣಾ, ಬದಲಿ ಮಾಡೂಣು. ಹೆಸರು ನೀ ತಗೋ. ಅವ್ವನ್ನ ನನಗ ಬಿಡು.”

“ಪಾಲು ಒಮ್ಮೆ ಆಗತೈತಿ,” ಎಂದ ನಾಗಪ್ಪ, ತಕ್ಕಡಿಯ ಮೇಲೆ ಕಣ್ಣಿಟ್ಟು.

“ಹಂಗಾರ ಅವತ್ತ ನಾ ಅವ್ವನ್ನ ಆರಿಸಿದ್ರ ಏನ ಮಾಡತಿದ್ದಿ?”

“ಕೊಡತಿದ್ದೆ. ಕೊಟ್ಟು ಮನಿಗೆ ಬಂದು ಅಳತಿದ್ದೆ,” ನಾಗಪ್ಪ ಖಾರವನ್ನು ಪೊಟ್ಟಣಕ್ಕೆ ಸುರಿದ. “ನೀ ಆರಿಸಂಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಹಂಗ ಪಾಲು ಮಾಡಿದೆ.”

ಅಣ್ಣನನ್ನು ದಡ್ಡನೆಂದುಕೊಂಡಿದ್ದು ವಿಜಯಮಹಾಂತೇಶನಿಗೆ ನೆನಪಾಯಿತು. ಅಷ್ಟು ಹೆಂಗಸರ ನಡುವೆ ಅವನ ಮುಖ ಕೆಂಪಾಯಿತು. ಭಾಷಣದ ಮಾತುಗಳೆಲ್ಲ ಅವನನ್ನು ಬಿಟ್ಟುಹೋಗಿದ್ದವು. ಅವ್ವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಅವಳ ಮಂಡಿಗೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದ್ದನ್ನು ಆಗ ನೋಡಿದ. ಯಾರು ಕಟ್ಟಿದರೆಂದು ಕೇಳುವ ಧೈರ್ಯವಾಗಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು.

“ಅವ್ವಾ, ತಪ್ಪಾತು. ನಡಿ, ಹೋಗೂಣು.”

ಚೌಡವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮಗ ಸಣ್ಣವನಿದ್ದಾಗ ಸುಳ್ಳು ಹೇಳಿ ಬಂದರೆ ಹೀಗೇ ನೋಡುತ್ತಿದ್ದಳು.

“ಒಂದು ಮಾತು ಹೇಳು. ಫೋನಿಗೆ ಕರಿಯಾಕತ್ತೀಯೋ, ಮನಿಗೆ ಕರಿಯಾಕತ್ತೀಯೋ?”

ಮನೆಗೆ ಎಂದರೆ ಮುಗಿಯುತ್ತಿತ್ತು. ಒಂದೇ ಮಾತು, ಅದೂ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಿಸೆಯಲ್ಲಿ ಮೊಬೈಲು ಬಡಿದುಕೊಂಡಿತು. ಮಾತು ಬಾಯಿಯಿಂದ ಹೊರಡುವ ಮೊದಲೇ ಅವನ ಕೈ ಕಿಸೆಗೆ ಹೋಗಿತ್ತು.

“ಮಾತಾಡಪಾ,” ಎಂದಳು ಚೌಡವ್ವ, ಮೆಲ್ಲಗೆ. “ಗಿರಾಕಿ ಕಾಯಾಕತ್ತಿರತಾರ.”

ಅವನು ಗಡಬಡಿಸಿ ಮೊಬೈಲನ್ನು ಬಂದ್ ಮಾಡಿ ತಲೆ ಎತ್ತುವಷ್ಟರಲ್ಲಿ ಅವ್ವ ಕರ್ಜಗಿಯ ಹುಡುಗಿಯ ಕಡೆ ತಿರುಗಿ, ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.